ಚರ್ಚ್‌ನಲ್ಲಿ ರಾಜಕೀಯ ಬೇಡ ಅಂತಾರೆ, ಲೀಡರ್‌ಗೆ ಶಾಲು ಮಾತ್ರ ಹೊದಿಸ್ತಾರೆ. ಗೆರೆ ಎಲ್ಲಿ?

ಚೆಟ್ಟಳ್ಳಿ ಹುಡುಗ
ನಮ್ಮದು ಕೊಡಗಿನ ಸಿದ್ದಾಪುರದ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆ. ಹೆಸರು ಬೇಡ, ಗೊತ್ತಿರುವವರಿಗೆ ಗೊತ್ತಾಗುತ್ತೆ. ಅರ್ಧಕ್ಕರ್ಧ ಜನ ತೋಟದ ಕೆಲಸದವರು, ಉಳಿದವರು ಅಂಗಡಿ, ಆಟೋ, ಗ್ಯಾರೇಜ್ ಅಂತ ಇದ್ದಾರೆ. ಮೊನ್ನೆ ಸಭೆಯ ವಾರ್ಷಿಕೋತ್ಸವಕ್ಕೆ ಒಂದು ಪಕ್ಷದ ಲೀಡರ್ ಬಂದರು. ಪಾಸ್ಟರ್ ಅವರನ್ನು ಮುಂದೆ ಕರೆದು ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಅವಸರದಲ್ಲಿ ಶಾಲಿನ ಬೆಲೆ ಚೀಟಿ ಕಿತ್ತಿರಲಿಲ್ಲ. ಅದು ಲೀಡರ್ ಭುಜದ ಮೇಲೆ ನೇತಾಡುತ್ತಿತ್ತು, ಫೋಟೋದಲ್ಲೂ ಬಂದಿದೆ. ಅವರು ಪ್ರಸಂಗದ (ಪಾಸ್ಟರ್ ಉಪದೇಶ ಮಾಡುವ) ಮೈಕಿನಲ್ಲೇ ಮಾತಾಡಿ, "ಕಾಂಪೌಂಡ್ ಗೋಡೆ ನನಗೆ ಬಿಡಿ, ಎಲೆಕ್ಷನ್ ಟೈಮಲ್ಲಿ ನನ್ನ ನೆನಪಿರಲಿ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು.

ಆಮೇಲೆ ಯುವಜನರ ಕೂಟದಲ್ಲಿ ನಾವು ಎರಡು ವಿಷಯ ಎತ್ತಿದೆವು. ಮಣಿಪುರದಲ್ಲಿ 2023ರ ಮೇ ತಿಂಗಳಿಂದ ಮನೆಮಠ ಕಳೆದುಕೊಂಡವರಿಗಾಗಿ ಒಂದು ಭಾನುವಾರ ಪ್ರಾರ್ಥನೆ ಇಡೋಣ ಅಂತ. ಇನ್ನೊಂದು, ನಮ್ಮದೇ ಸಭೆಯ ಜನ ಇರುವ ಲೈನ್ ಮನೆಗಳಿಗೆ (ತೋಟದ ಕೆಲಸದವರ ಸಾಲು ಮನೆಗಳು) ಕಕ್ಕಸು, ನೀರು ಮಾಡಿಸಿಕೊಡಿ ಅಂತ ಸಭೆಯಿಂದಲೇ ಪಂಚಾಯಿತಿಗೆ ಅರ್ಜಿ ಹಾಕೋಣ ಅಂತ. ಪಾಸ್ಟರ್ ನಕ್ಕು, "ದೇವರ ಮನೆಯಲ್ಲಿ ರಾಜಕೀಯ ಬೇಡಪ್ಪಾ" ಅಂದುಬಿಟ್ಟರು.

ಶಾಲು ರಾಜಕೀಯ ಅಲ್ಲ, ಕಕ್ಕಸು ರಾಜಕೀಯ! ನಿಮ್ಮ ಚರ್ಚುಗಳಲ್ಲಿ ಹೇಗೆ? ಪಾಸ್ಟರು, ಫಾದರುಗಳು ಊರಿನ ವಿಷಯದಲ್ಲಿ ಎಷ್ಟು ಬಾಯಿ ಹಾಕಬೇಕು? ಬೇರೆ ಧರ್ಮದವರೂ ಹೇಳಿ, ಬೇಜಾರಿಲ್ಲ.

ಸೋಮವಾರಪೇಟೆ ಸಿಪಾಯಿ
ಗೋಡೆ ಎದ್ದಿತಾ?

ಚೆಟ್ಟಳ್ಳಿ ಹುಡುಗ
ಎರಡು ಲೋಡ್ ಜಲ್ಲಿ ಬಿದ್ದಿದೆ ಅಣ್ಣ. ಮಳೆಗೆ ಅರ್ಧ ರಸ್ತೆಗೆ ಹೋಯಿತು.

ಅಮ್ಮತ್ತಿ ಅಕ್ಕ
ಪಾಸ್ಟರ್ ಮೇಲೆ ಅಷ್ಟು ಬೇಗ ಎಗರಬೇಡಿ. ಸಣ್ಣ ಸಭೆಗಳ ಕಷ್ಟ ದೊಡ್ಡ ಚರ್ಚಿನವರಿಗೆ ಗೊತ್ತಾಗಲ್ಲ. ಬಿಷಪರಿಲ್ಲ, ಟ್ರಸ್ಟಿಲ್ಲ, ಎಷ್ಟೋ ಕಡೆ ಕಟ್ಟಡವೇ ಬಾಡಿಗೆಯದ್ದು. ಭಾನುವಾರ ಹಾಡು ಸ್ವಲ್ಪ ಜೋರಾದರೆ ಸಾಕು, ಯಾರೋ ಸ್ಟೇಷನ್‌ಗೆ ಫೋನ್ ಮಾಡಿ "ಮತಾಂತರ ನಡೀತಿದೆ" ಅಂತಾರೆ. ಪೊಲೀಸರು ಬಂದು ಆಧಾರ್ ಕಾರ್ಡ್ ಕೇಳುತ್ತಾರೆ. ಆ ಹೊತ್ತಿಗೆ ಒಂದು ಫೋನ್ ಮಾಡೋಕೆ ಯಾರಾದರೂ ಬೇಕಲ್ವಾ? ಶಾಲು ಅಂದರೆ ಅವರಿಗೆ ಇನ್ಶೂರೆನ್ಸ್ ಕಂತು. ನನಗೂ ಅದು ಸರಿ ಕಾಣಲ್ಲ. ಆದರೆ ಆ ಭಯ ಸುಳ್ಳಲ್ಲ.

ನಮ್ಮ ಶಾಲೆಯಲ್ಲಿ ಒಬ್ಬ ಪಾಸ್ಟರ್ ಮಗಳು ಓದುತ್ತಿದ್ದಳು. ಅಪ್ಪನ ಕೆಲಸ ಏನು ಅಂತ ಕೇಳಿದರೆ "ಬಿಸಿನೆಸ್" ಅಂತ ಬರೆಯುತ್ತಿದ್ದಳು.

ಏಲಕ್ಕಿ ಕಾಲ
ನಾನು ಕೊಡವ, ಇಗ್ಗುತ್ತಪ್ಪ ದೇವರ ಒಕ್ಕಲು. ಹೊರಗಿನಿಂದ ನೋಡಿದ್ದು ಹೇಳುತ್ತೇನೆ. ನಮ್ಮ ಊರ ದೇವಸ್ಥಾನದ ಹಬ್ಬಕ್ಕೂ ಲೀಡರ್ ಬರುತ್ತಾರೆ, ಶಾಲು ಹಾಕುತ್ತೇವೆ, ಅವರು ಸಿಮೆಂಟ್ ಕೊಡುತ್ತೇನೆ ಅಂತಾರೆ, ಮರೆಯುತ್ತಾರೆ. ಇದರಲ್ಲಿ ಕ್ರಿಶ್ಚಿಯನ್, ಹಿಂದೂ ಅಂತ ಏನಿಲ್ಲ.

ಆದರೆ ಒಂದು ಮಾತು ನೇರವಾಗಿ ಕೇಳಿಯೇ ಬಿಡುತ್ತೇನೆ. ನಮ್ಮ ತೋಟದಲ್ಲಿ ಆದಿವಾಸಿ ಯರವರು ತಲೆತಲಾಂತರದಿಂದ ಇದ್ದಾರೆ. ಹತ್ತು ವರ್ಷದಿಂದ ಸಂಜೆ ಹೊತ್ತು ಬೈಕಿನಲ್ಲಿ ಯಾರೋ ಬರುತ್ತಾರೆ, ಪ್ರಾರ್ಥನೆ ಅಂತಾರೆ. ಈಗ ಅವರಲ್ಲಿ ಕೆಲವರು ಅಜ್ಜಪ್ಪ ದೈವಕ್ಕೆ ಕೋಳಿ ಕೊಡಲ್ಲ, ದೈವದ ತೆರೆಗೆ (ಕೋಲಕ್ಕೆ) ಬರಲ್ಲ. ಸಂಸ್ಕೃತಿ ಉಳಿಸಬೇಕು ಅಂತ ಭಾಷಣ ಮಾಡುವ ಪಾಸ್ಟರುಗಳು ಇದಕ್ಕೆ ಏನಂತಾರೆ?

ಲೈನ್‌ಮನೆ ಮಗಳು
ಏಲಕ್ಕಿ ಕಾಲ ಅಂಕಲ್, ಯರವರ ಸಂಸ್ಕೃತಿ ಬಗ್ಗೆ ಕಾಳಜಿ ಒಳ್ಳೆಯದು. ಆ ಲೈನಿನಲ್ಲಿ ಕರೆಂಟ್ ಇದೆಯಾ?

ಏಲಕ್ಕಿ ಕಾಲ
ಇದೆ. ಬಂದು ನೋಡಮ್ಮ.

ಲೈನ್‌ಮನೆ ಮಗಳು
ಹಾಗಾದರೆ ನಿಮ್ಮದು ಒಳ್ಳೆಯ ತೋಟ. ನಾನು ಬೆಳೆದ ಲೈನಿನಲ್ಲಿ ಇರಲಿಲ್ಲ. ನನ್ನ ಅಜ್ಜ ಸೇಲಂ ಕಡೆಯಿಂದ ಬಂದವರು, ಅಪ್ಪ ಅಮ್ಮ ಇಬ್ಬರೂ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಕಾಫಿ ಕೊಯ್ಲು ಅಂತಲೇ ಸವೆದರು. ಈಗ ನಾನು ನರ್ಸ್. "ಅಕ್ಕಿ ಕೊಟ್ಟು ಮತಾಂತರ" ಅಂತ ಎಲ್ಲರೂ ಹೇಳುತ್ತಾರಲ್ಲ, ಲೆಕ್ಕ ಹೇಳುತ್ತೇನೆ ಕೇಳಿ. 1950ರ ಪರಿಶಿಷ್ಟ ಜಾತಿಗಳ ಆದೇಶ ಇದೆ. ಅದರಲ್ಲಿ ಮೊದಲು ಹಿಂದೂಗಳು ಮಾತ್ರ, 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರಿಶ್ಚಿಯನ್ ಆದರೆ ಎಸ್‌ಸಿ ಸರ್ಟಿಫಿಕೇಟ್ ಹೋಯಿತು. ಕರ್ನಾಟಕದಲ್ಲಿ ಹಿಂದುಳಿದ ವರ್ಗದ ಪ್ರವರ್ಗ 1 ಸಿಗುತ್ತೆ, ಅಷ್ಟೇ. ಲಾಭಕ್ಕೆ ಹೋಗುವವರು ಯಾರಾದರೂ ಇಷ್ಟು ಕಳೆದುಕೊಂಡು ಹೋಗುತ್ತಾರಾ? ನಮ್ಮ ಲೈನಿನಲ್ಲಿ ಅದಕ್ಕೇ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ಒಂದು ಹೆಸರು, ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು ಹೆಸರು.

ಇದರ ಬಗ್ಗೆ ಪಾಸ್ಟರುಗಳು ಮಾತಾಡಲ್ಲ. ಯಾಕೆ ಅಂದರೆ ಮಾತಾಡಿದರೆ ಸಭೆಯೊಳಗೆ ಜಾತಿ ಇದೆ ಅಂತ ಒಪ್ಪಬೇಕಾಗುತ್ತೆ. ಇದೆ. ಮದುವೆ ಮಾತುಕತೆಗೆ ಕೂತು ನೋಡಿ ಗೊತ್ತಾಗುತ್ತೆ.

ಗೋಣಿಕೊಪ್ಪ ಗಡಿಯಾರ
ಯರವರು ಪರಿಶಿಷ್ಟ ಪಂಗಡ, ಜಾತಿ ಅಲ್ಲ. ಪಂಗಡದವರಿಗೆ ಧರ್ಮ ಬದಲಾದರೂ ಸರ್ಟಿಫಿಕೇಟ್ ಹೋಗಲ್ಲ. ಎರಡನ್ನೂ ಕಲಸಬೇಡಿ.

ಲೈನ್‌ಮನೆ ಮಗಳು
ನಾನು ಹೇಳಿದ್ದು ನಮ್ಮ ಕಥೆ. ಯರವರದ್ದು ಅವರೇ ಹೇಳಲಿ. ಈ ಚರ್ಚೆಯಲ್ಲಿ ಅವರು ಒಬ್ಬರೂ ಇಲ್ಲ, ಗಮನಿಸಿ.

ಅಮ್ಮತ್ತಿ ಅಕ್ಕ
2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಬಂದಾಗ ಇದೇ ಗಲಾಟೆ ಆಗಿದ್ದು. ಪಟ್ಟಿಯಲ್ಲಿ ಜಾತಿ ಹೆಸರಿನ ಜೊತೆ "ಕ್ರಿಶ್ಚಿಯನ್" ಅಂತ ಸೇರಿಸಿದ ಕಾಲಂಗಳು ಬಂದವು, ರಾಜಕೀಯದವರು ಕೂಗಾಡಿದರು. ಗಣತಿಗೆ ಹೋದ ಟೀಚರುಗಳಲ್ಲಿ ನಾನೂ ಇದ್ದೆ. ಒಂದು ಮನೆಯಲ್ಲಿ ಅತ್ತೆ "ಕ್ರಿಶ್ಚಿಯನ್ ಅಂತ ಮಾತ್ರ ಬರೀರಿ, ಫಾದರ್ ಹೇಳಿದ್ದಾರೆ" ಅಂದರು. ಸೊಸೆ ಒಳಗಿನಿಂದ "ಜಾತಿನೂ ಬರೀರಿ ಮೇಡಂ, ಮಗುಗೆ ಸ್ಕಾಲರ್‌ಶಿಪ್ ಬೇಕು" ಅಂದಳು. ನಾನು ಮೊಬೈಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ನೆಟ್‌ವರ್ಕ್ ಬೇರೆ ಇರಲಿಲ್ಲ.

ಸೋಮವಾರಪೇಟೆ ಸಿಪಾಯಿ
ನೆಟ್‌ವರ್ಕ್ ಬಗ್ಗೆ ಯಾವ ಧರ್ಮಗುರುವಾದರೂ ಹೋರಾಟ ಮಾಡಿದರೆ ನಾನು ಅವರ ಕಡೆ.

ಲಾ ಪಾಯಿಂಟ್
ಕಾನೂನಿನ ಕಡೆಯಿಂದ ಸ್ವಲ್ಪ. 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ ಅಂತ ಒಂದಿದೆ. ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರ ಯಾವುದೇ ಇರಲಿ, ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವ ಹಾಗಿಲ್ಲ. ಉಲ್ಲಂಘಿಸಿದರೆ ಮ್ಯಾನೇಜರ್, ಅಂದರೆ ಸಂಸ್ಥೆ ನಡೆಸುವವರ ಕುತ್ತಿಗೆಗೇ ಬರುತ್ತೆ. ಜೈಲು ಶಿಕ್ಷೆಗೂ ಅವಕಾಶ ಇದೆ. ಅದರ ಜೊತೆ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್. ಧರ್ಮದ ಹೆಸರಲ್ಲಿ ಓಟು ಕೇಳುವುದು ಭ್ರಷ್ಟ ಆಚರಣೆ. "ಇವರಿಗೆ ಓಟು ಹಾಕದಿದ್ದರೆ ದೇವರು ಮುನಿಯುತ್ತಾನೆ" ಅಂತ ಹೆದರಿಸುವುದೂ ಅದರೊಳಗೆ ಬರುತ್ತೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ಜನರ ಪೀಠ 4-3ರಲ್ಲಿ ತೀರ್ಪು ಕೊಟ್ಟು, ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರನ ಧರ್ಮ ಹಿಡಿದು ಕೇಳಿದರೂ ತಪ್ಪು ಅಂದಿತು.

ಹಾಗೆ ನೋಡಿದರೆ ಶಾಲು ಹೊದಿಸಿದ್ದಕ್ಕಿಂತ "ಎಲೆಕ್ಷನ್ ಟೈಮಲ್ಲಿ ನೆನಪಿರಲಿ" ಅಂತ ಪ್ರಸಂಗದ ಮೈಕಲ್ಲಿ ಹೇಳಿಸಿದ್ದು ಅಪಾಯ.

ಗೋಣಿಕೊಪ್ಪ ಗಡಿಯಾರ
ಆ 1988ರ ಕಾಯ್ದೆಯಲ್ಲಿ ಪಕ್ಷ ಅಂತ ಮಾತ್ರ ಇಲ್ಲ ವಕೀಲರೇ. ರಾಜಕೀಯ ಸ್ವರೂಪದ ಯಾವುದೇ ವಿಷಯ, ಪ್ರಶ್ನೆ ಅಂತಲೂ ಇದೆ. ಹಾಗಿದ್ದರೆ ಮಣಿಪುರದ ಪ್ರಾರ್ಥನೆ ಬೇಡ ಅಂದ ಪಾಸ್ಟರ್ ಸರಿ ಅಲ್ವಾ?

ಲಾ ಪಾಯಿಂಟ್
ಭಾಷೆ ಅಗಲವಾಗಿದೆ, ನಿಜ. ಆದರೆ ನೊಂದವರಿಗಾಗಿ ಪ್ರಾರ್ಥನೆ ಮಾಡುವುದು ರಾಜಕೀಯ ಸಭೆ ಅಂತ ಯಾವ ಕೋರ್ಟೂ ಹೇಳಲ್ಲ ಅಂತ ನನ್ನ ಅಭಿಪ್ರಾಯ. ಪಂಚಾಯಿತಿಗೆ ಕಕ್ಕಸು ಕೇಳುವುದಂತೂ ನಾಗರಿಕರ ಅರ್ಜಿ. ಅದಕ್ಕೆ ಚರ್ಚಿನ ಲೆಟರ್‌ಹೆಡ್ಡೇ ಬೇಕಿಲ್ಲ.

ವಿರಾಜಪೇಟೆ ಪೇಟೆಬೀದಿ
ನಮ್ಮ ಕ್ಯಾಥೋಲಿಕರಲ್ಲಿ ಈ ಗೊಂದಲ ಕಡಿಮೆ. ಫಾದರುಗಳು ಅಧಿಕಾರದ ಹುದ್ದೆ ಹಿಡಿಯುವ ಹಾಗಿಲ್ಲ, ಪಕ್ಷದಲ್ಲಿ ಸಕ್ರಿಯವಾಗಿ ಇರುವ ಹಾಗಿಲ್ಲ ಅಂತ ಚರ್ಚಿನ ಕಾನೂನು ಸಂಹಿತೆಯಲ್ಲೇ ಇದೆ. ಸಂತ ಅನ್ನಮ್ಮನ ದೇವಾಲಯದ ಕಥೆ ಗೊತ್ತಲ್ಲ? ಟಿಪ್ಪು ಕಾಲದಲ್ಲಿ, 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಹಿಡಿದುಕೊಂಡು ಹೋದರು. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ದೊಡ್ಡ ವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ಜಾಗ ಕೊಟ್ಟರು. ಚರ್ಚು 1792ರದ್ದು. ಅಂದರೆ ನಾವು ಇಲ್ಲಿಗೆ ಬಂದದ್ದೇ ಒಂದು ರಾಜಕೀಯದಿಂದ, ಉಳಿದದ್ದು ಇನ್ನೊಂದು ರಾಜಕೀಯದಿಂದ.

2015ರಲ್ಲಿ ಟಿಪ್ಪು ಜಯಂತಿ ಶುರುವಾದಾಗ ಎಲ್ಲರೂ ನಮ್ಮ ಬಾಯಿ ನೋಡುತ್ತಿದ್ದರು. ಕೊಡವರು ದೇವಟ್ಟಿಪರಂಬು (ಟಿಪ್ಪು ಸೇನೆ ಕೊಡವರನ್ನು ಕೊಂದಿತು ಅಂತ ಅವರು ಹೇಳುವ ಜಾಗ) ನೆನಪಿಸಿದರು, "ನಿಮ್ಮವರನ್ನೂ ಹಿಡಿದುಕೊಂಡು ಹೋದನಲ್ಲ, ನಮ್ಮ ಜೊತೆ ಮೆರವಣಿಗೆಗೆ ಬನ್ನಿ" ಅಂದರು. ಪೇಟೆಯಲ್ಲಿ ನಮ್ಮ ಅಂಗಡಿ ಪಕ್ಕದ ಅಂಗಡಿ ಮುಸ್ಲಿಮರದು, ಅವರ ಜೊತೆ ಮೂರು ತಲೆಮಾರಿನ ಲೆಕ್ಕಾಚಾರ. ಆ ನವೆಂಬರ್ 10ಕ್ಕೆ ಮಡಿಕೇರಿಯಲ್ಲಿ ಗಲಭೆ ಆಗಿ ಜೀವ ಹೋಯಿತು. ಆ ಭಾನುವಾರ ನಮ್ಮ ಫಾದರ್ ಪ್ರಬೋಧನೆಯಲ್ಲಿ ಇತಿಹಾಸದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಪಕ್ಕದ ಅಂಗಡಿಯವರಿಗೆ ಇವತ್ತು ಊಟ ಸಿಕ್ಕಿತಾ ಅಂತ ಕೇಳಿಕೊಂಡು ಮನೆಗೆ ಹೋಗಿ" ಅಂದರು. ಕೆಲವರಿಗೆ ಸಿಟ್ಟು ಬಂತು, ಹೇಡಿತನ ಅಂದರು. 2019ರಲ್ಲಿ ಸರ್ಕಾರ ಜಯಂತಿ ನಿಲ್ಲಿಸಿತು. ಪಕ್ಕದ ಅಂಗಡಿ ಈಗಲೂ ಇದೆ.

ಏಲಕ್ಕಿ ಕಾಲ
ಸತ್ಯ ಹೇಳದೆ ಶಾಂತಿ ಅಂದರೆ ನಾನು ಒಪ್ಪಲ್ಲ. ನಮ್ಮ ಹಿರಿಯರು ಸತ್ತದ್ದು ಸುಳ್ಳಾ? ನಿಮ್ಮ ಫಾದರ್ ಎರಡೂ ಹೇಳಬಹುದಿತ್ತು.

ವಿರಾಜಪೇಟೆ ಪೇಟೆಬೀದಿ
ಹೇಳಬಹುದಿತ್ತು ಏಲಕ್ಕಿಯವರೇ. ಆದರೆ ಕರ್ಫ್ಯೂ ಹಾಕುವ ವಾರದಲ್ಲಿ ಅಲ್ಲ.

ಬೆಟ್ಟದ ಬುಡ
ಮಡಿಕೇರಿ ಕೋಟೆಯೊಳಗಿನ ಚರ್ಚ್ ಕೂಡ ಬಾಸೆಲ್ ಮಿಷನ್‌ನವರು ಕಟ್ಟಿ ರಾಜಕೀಯ ಮಾಡಿದ್ದಲ್ವಾ? ಬ್ರಿಟಿಷರ ಜೊತೆ ಬಂದವರೇ ಇವರೆಲ್ಲ.

ಗೋಣಿಕೊಪ್ಪ ಗಡಿಯಾರ
ಅಲ್ಲ. ಕೋಟೆಯ ಸಂತ ಮಾರ್ಕರ ಚರ್ಚು ಆಂಗ್ಲಿಕನ್ನರದ್ದು, 1855ರದ್ದು. ಈಗ ಅದು ಸರ್ಕಾರಿ ಮ್ಯೂಸಿಯಂ. ಬಾಸೆಲ್ ಮಿಷನ್‌ನವರು ಜರ್ಮನ್, ಸ್ವಿಸ್ ಜನ. ಅವರು ಕೊಡಗಿನಲ್ಲಿ ಮಾಡಿದ್ದು ಬೇರೆಯೇ ಕೆಲಸ. ಹೆರ್ಮನ್ ಮೊಗ್ಲಿಂಗ್ 1843ರಲ್ಲಿ "ಮಂಗಳೂರು ಸಮಾಚಾರ" ಶುರು ಮಾಡಿದವರು, ಕನ್ನಡದ ಮೊದಲ ಪತ್ರಿಕೆ. ಅವರು 1850ರ ದಶಕದಲ್ಲಿ ಕೊಡಗಿಗೆ ಬಂದರು. ಅಮ್ಮತ್ತಿ ಹತ್ತಿರದ ಆನಂದಪುರ ಅವರ ಊರು. ಜಮ್ಮದ (ವಂಶಪಾರಂಪರ್ಯ ಜಮೀನಿನ) ಆಳುಗಳಾಗಿ ದುಡಿಯುತ್ತಿದ್ದ ದಲಿತ ಕುಟುಂಬಗಳಿಗೆ ಅಲ್ಲಿ ನೆಲೆ ಮಾಡಿಕೊಟ್ಟರು. ಯಜಮಾನರಿಗೆ ಇದು ಇಷ್ಟ ಆಗಿರುತ್ತಾ? ಪಾದ್ರಿ ಪಕ್ಷ ಕಟ್ಟಲಿಲ್ಲ, ಆದರೆ ಆಳಿಗೆ ನೆಲೆ ಕೊಟ್ಟರೆ ಅದಕ್ಕಿಂತ ದೊಡ್ಡ ರಾಜಕೀಯ ಇನ್ನೇನಿದೆ?

ಅಮ್ಮತ್ತಿ ಅಕ್ಕ
ನಮ್ಮ ಊರಿನ ಪಕ್ಕದಲ್ಲೇ. ಮಕ್ಕಳಿಗೆ ಈ ಕಥೆ ಹೇಳಿದರೆ "ಹೌದಾ ಮಿಸ್, ಇಲ್ಲೇನಾ?" ಅಂತ ಕಣ್ಣು ಬಿಡುತ್ತಾರೆ.

ಬೆಟ್ಟದ ಬುಡ
ಸರಿ ಮಾರಾಯ್ರೆ, ಕಟ್ಟಿದ್ದು ಯಾರೇ ಆಗಲಿ. ಬಿಳಿಯರ ಕಾಲದಲ್ಲಿ ರಾಜಕುಮಾರಿ ಗೌರಮ್ಮನನ್ನೇ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ 1852ರಲ್ಲಿ ದೀಕ್ಷಾಸ್ನಾನ ಮಾಡಿಸಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ ಆದಳು. ಕೊಡಗಿನವರಿಗೆ ಅದು ಮರೆತಿಲ್ಲ.

ಗೋಣಿಕೊಪ್ಪ ಗಡಿಯಾರ
ಕರೆದುಕೊಂಡು ಹೋದದ್ದು ಅವಳ ಅಪ್ಪ, ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ. ತನ್ನ ಆಸ್ತಿ ಕೇಸು ನಡೆಸೋಕೆ. ಅವನದ್ದೂ ರಾಜಕೀಯವೇ.

ಪಂದಿಕರಿ ಫ್ಯಾನ್
ಎಲ್ಲ ಬಿಡಿ, ಕ್ರಿಸ್ಮಸ್‌ಗೆ ನಮ್ಮ ಪಕ್ಕದ ಮನೆ ಆಂಟಿ ಮಾಡುವ ದ್ರಾಕ್ಷಿ ವೈನ್ ಬಗ್ಗೆ ಯಾವ ಕಾಯ್ದೆ ಇದೆ ವಕೀಲರೇ?

ಲಾ ಪಾಯಿಂಟ್
ಅಬಕಾರಿ ಕಾಯ್ದೆ. ಆಂಟಿಗೆ ಹೇಳಬೇಡಿ.

ಪಂದಿಕರಿ ಫ್ಯಾನ್
ಅವರ ಚರ್ಚಿನ ಪಾಸ್ಟರ್ ವೈನ್ ಪಾಪ ಅಂತಾರೆ. ಮೇಲಿನ ಬೀದಿಯ ಫಾದರ್ ಒಂದು ಬಾಟಲಿ ಜಾಸ್ತಿ ಇದ್ದರೆ ಕೊಡಿ ಅಂತಾರೆ. ಸಂಸ್ಕೃತಿ ಸಂಘರ್ಷ ಅಂದರೆ ಇದೇ.

ನಿರ್ವಾಹಕ
ವೈನ್ ಚರ್ಚೆ ಇನ್ನೊಂದು ಎಳೆಯಲ್ಲಿ ನಡೆಯುತ್ತಿದೆ. ಇಲ್ಲಿ ವಿಷಯಕ್ಕೆ ಬನ್ನಿ.

ಲೈನ್‌ಮನೆ ಮಗಳು
ಸಂಸ್ಕೃತಿ ವಿಷಯವೇ ಅದು ನಿರ್ವಾಹಕರೇ. ನಮ್ಮ ಲೈನಿನ ದೊಡ್ಡ ಜಗಳ ಎಲೆಕ್ಷನ್ ಬಗ್ಗೆ ಅಲ್ಲ, ಪುತ್ತರಿ ಅನ್ನೋ ಸುಗ್ಗಿ ಹಬ್ಬದ ಬಗ್ಗೆ. ತೋಟದ ಯಜಮಾನರ ಮನೆಯಲ್ಲಿ ಕದಿರು ತೆಗೆದು "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾರೆ, ಆಮೇಲೆ ಕೆಲಸದವರಿಗೆಲ್ಲ ಹಬ್ಬದ ಸಿಹಿ ತಂಬುಟ್ಟು ಕೊಡುತ್ತಾರೆ. ಅಮ್ಮ ಚಿಕ್ಕಂದಿನಿಂದ ತಿಂದವಳು. ಹೊಸದಾಗಿ ಬಂದ ಒಬ್ಬ ಪಾಸ್ಟರ್ ಅದು ವಿಗ್ರಹಕ್ಕೆ ಅರ್ಪಿಸಿದ್ದು, ತಿನ್ನಬೇಡಿ ಅಂದರು. ಅಮ್ಮ ಎರಡು ವರ್ಷ ತಲೆನೋವು ಅಂತ ನೆಪ ಹೇಳಿ ಹೋಗಲಿಲ್ಲ. ಯಜಮಾನತಿ ತಾವೇ ತಟ್ಟೆ ತಂದು ಲೈನಿನ ಬಾಗಿಲಿಗೆ ಇಟ್ಟು ಹೋದರು, ಮೇಲೆ ಬಾಳೆಎಲೆ ಮುಚ್ಚಿ, ತುಪ್ಪ ಇನ್ನೂ ಬಿಸಿ ಇತ್ತು. ಅಮ್ಮ ತಿಂದಳು. ಭಾನುವಾರ ಹೋಗಿ ಪಾಸ್ಟರಿಗೇ ಹೇಳಿದಳು, "ತಿಂದೆ, ಏನು ಮಾಡ್ತೀರಿ?"

ವಿರಾಜಪೇಟೆ ಪೇಟೆಬೀದಿ
ನಾವು ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ ಮಾಡುವಾಗ ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತೇವೆ. ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ ಕುಡಿಯುತ್ತೇವೆ. ಗದ್ದೆ ಇರುವ ಊರಿಗೆ ಹೊಸ ಅಕ್ಕಿ ಹಬ್ಬ ಬೇಕೇ ಬೇಕು, ಯಾವ ದೇವರಾದರೂ ಸರಿ.

ಹೊಸ ಜನ್ಮ
ಹಾಗೆ ಎಲ್ಲ ಕಲಸಿದರೆ ರಕ್ಷಣೆಗೆ ಅರ್ಥವೇ ಇಲ್ಲ. ಪೌಲನು ಕೊರಿಂಥದವರಿಗೆ ಬರೆದದ್ದು ಓದಿ. ತಿನ್ನುವುದು ದೊಡ್ಡದಲ್ಲ, ಆದರೆ ಬಲಹೀನ ಸಹೋದರ ಎಡವಬಾರದು. ಆ ಪಾಸ್ಟರ್ ಹೇಳಿದ್ದು ಪ್ರೀತಿಯಿಂದ. ಕುಡಿತದಿಂದ ಹಾಳಾದ ಮನೆಗಳನ್ನು ನಿಲ್ಲಿಸಿದ್ದು ಇಂಥ "ಕಟ್ಟುನಿಟ್ಟಿನ" ಪಾಸ್ಟರುಗಳೇ, ಅದನ್ನೂ ಬರೆಯಿರಿ. ನನ್ನ ಅಪ್ಪ ಶನಿವಾರದ ಬಟವಾಡೆ ಪೂರ್ತಿ ಗಡಂಗಿಗೆ ಕೊಡುತ್ತಿದ್ದರು. ಸಭೆಗೆ ಹೋದ ಮೇಲೆ ಬಿಟ್ಟರು. ಯಾವ ಪಕ್ಷವೂ ಅದನ್ನು ಮಾಡಲಿಲ್ಲ.

ಲೈನ್‌ಮನೆ ಮಗಳು
ಒಪ್ಪಿದೆ. ನಮ್ಮ ಲೈನಿನಲ್ಲೂ ನೋಡಿದ್ದೇನೆ. ಗಡಂಗು ಬಿಡಿಸಿದವರಿಗೆ ಬಟವಾಡೆ ಯಾಕೆ ಇಷ್ಟು ಕಮ್ಮಿ ಅಂತ ಕೇಳೋಕೆ ಏನು ಕಷ್ಟ?

ಹಟ್ಟಿಹೊಳೆ
ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ಧರ್ಮಗುರುಗಳು ರಾಜಕೀಯಕ್ಕೆ ಇಳಿದರೆ ಏನಾಗುತ್ತೆ ಅಂತ ನೋಡಬೇಕಾದರೆ ದೂರ ಹೋಗಬೇಕಿಲ್ಲ, ಕೇರಳದ ಇಡುಕ್ಕಿ ನೋಡಿ. 2011ರಲ್ಲಿ ಗಾಡ್ಗೀಳ್ ಸಮಿತಿ ಪಶ್ಚಿಮ ಘಟ್ಟದ ಪರಿಸರ ಉಳಿಸುವ ವರದಿ ಕೊಟ್ಟಿತು, 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು. ಇಡುಕ್ಕಿಯಲ್ಲಿ ಬಿಷಪರು, ಫಾದರುಗಳು ರೈತರ ಜೊತೆ ಬೀದಿಗೆ ಇಳಿದರು. ವರದಿ ಪರ ನಿಂತ ಸಂಸದ ಪಿ.ಟಿ. ಥಾಮಸ್ ಅವರ ಅಣಕು ಶವಯಾತ್ರೆ ಆಯಿತು. ಅವರಿಗೆ 2014ರಲ್ಲಿ ಟಿಕೆಟ್ ತಪ್ಪಿತು. ಚರ್ಚಿನವರ ಬೆಂಬಲ ಇದ್ದ ಪಕ್ಷೇತರ ಜಾಯ್ಸ್ ಜಾರ್ಜ್ ಎಡರಂಗದ ಜೊತೆ ಸೇರಿ ಗೆದ್ದರು. ಅಂದರೆ ಇಗರ್ಜಿ ಮನಸ್ಸು ಮಾಡಿದರೆ ಒಂದು ಲೋಕಸಭಾ ಸೀಟನ್ನೇ ತಿರುಗಿಸಬಹುದು.

ಆಮೇಲೆ 2018ರ ಆಗಸ್ಟ್ ಬಂತು. ಇಡುಕ್ಕಿಯಲ್ಲೂ ಗುಡ್ಡ ಜಾರಿತು, ನಮ್ಮಲ್ಲೂ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ. 2024ರ ಜುಲೈ 30ಕ್ಕೆ ವಯನಾಡಿನ ಮುಂಡಕೈ, ಚೂರಲ್‌ಮಲ. ಗಾಡ್ಗೀಳ್ ವರದಿ ಜಾರಿಯಾಗಿದ್ದರೆ ಗುಡ್ಡ ಜಾರುತ್ತಿರಲಿಲ್ಲ ಅಂತ ನಾನು ಹೇಳಲ್ಲ, ಅಷ್ಟು ಸರಳ ಅಲ್ಲ. ನಾವು ಕೊಡಗಿನವರೂ ವರದಿ ಬೇಡ ಅಂತಲೇ ಕೂಗಿದವರು. ನಮ್ಮ ಚಿಕ್ಕಪ್ಪನೂ ಬೋರ್ಡ್ ಹಿಡಿದಿದ್ದರು. ಆದರೆ ಒಬ್ಬ ಬಿಷಪ್ "ನಮ್ಮ ಜನರ ಜಾಗ ಹೋಗುತ್ತೆ" ಅಂತ ಹೇಳಿದರೆ ಅದನ್ನು ಯಾರೂ ಪ್ರಶ್ನೆ ಮಾಡಲ್ಲ, ಅದೇ ತೊಂದರೆ. ಪಂಚಾಯಿತಿ ಮೆಂಬರ್ ಹೇಳಿದರೆ ಎದುರು ಮಾತಾಡುತ್ತೇವೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಭೂಮಿ, ಕಾಡು, ನೀರಿನ ಬಗ್ಗೆ ದೊಡ್ಡ ಪತ್ರವನ್ನೇ ಬರೆದರು. ಅದನ್ನು ಘಟ್ಟದ ಚರ್ಚುಗಳಲ್ಲಿ ಎಷ್ಟು ಜನ ಪ್ರಸಂಗ ಮಾಡಿದರು?

ಇನ್ನೊಂದು ಮುಖವೂ ಇದೆ. ಆ ಆಗಸ್ಟಿನಲ್ಲಿ ನಮ್ಮನ್ನು ಸೊಂಟಮಟ್ಟದ ಕೆಸರಿನಿಂದ ಎತ್ತಿ ತಂದ ಮೇಲೆ ನಾವು ಮಲಗಿದ್ದು ಒಂದು ಚರ್ಚಿನ ಹಾಲ್‌ನಲ್ಲಿ. ನಾನು ಗೌಡ, ಪಕ್ಕದಲ್ಲಿ ಮಾಪಿಳ್ಳೆ ಕುಟುಂಬ, ಆಚೆ ಕಡೆ ಕೊಡವರ ಅಜ್ಜಿ. ಫಾದರ್ ಒಬ್ಬರು ಪ್ಯಾಂಟ್ ಮಡಚಿಕೊಂಡು ಬಕೆಟ್‌ನಲ್ಲಿ ಕಕ್ಕಸಿಗೆ ನೀರು ಹೊರುತ್ತಿದ್ದರು. ಯಾರ ಓಟು ಯಾರಿಗೆ ಅಂತ ಕೇಳಲಿಲ್ಲ.

ಸೋಮವಾರಪೇಟೆ ಸಿಪಾಯಿ
ನಾವು ಆಗ ಹಗ್ಗ ಹಿಡಿದು ನಿಂತಿದ್ದೆವು. ಮಸೀದಿ, ಕೊ‌ಡವ ಸಮಾಜ, ಚರ್ಚು ಎಲ್ಲ ಬಾಗಿಲು ತೆರೆದಿತ್ತು. ಅದು ನಿಜ.

ಸಣ್ಣ ಸಭೆಯ ಪಾಲಕ
ಈ ಚರ್ಚೆ ಯಾರೋ ಕಳಿಸಿದರು. ನಾನೂ ಒಬ್ಬ ಪಾಸ್ಟರ್, ಕುಶಾಲನಗರದ ಕಡೆ. ನಮ್ಮ ಮನೆಗೂ ಎಲೆಕ್ಷನ್ ಸಮಯದಲ್ಲಿ ಎಲ್ಲ ಪಕ್ಷದವರೂ ಬರುತ್ತಾರೆ. "ನಿಮ್ಮ ಹತ್ತಿರ ಎಷ್ಟು ಓಟಿದೆ?" ಅಂತ ಕೇಳುತ್ತಾರೆ. ಕುರಿ ಎಷ್ಟಿದೆ ಅಂತ ಕಸಾಯಿ ಕೇಳಿದ ಹಾಗೆ ಇರುತ್ತೆ. ಆರಾಧನೆಗೆ ಬನ್ನಿ, ಹಿಂದೆ ಕೂತುಕೊಳ್ಳಿ, ಕಾಫಿ ಕುಡಿದು ಹೋಗಿ ಅಂತೀನಿ. ಮೈಕ್ ಕೊಡಲ್ಲ. ಒಬ್ಬರು ಸಿಟ್ಟು ಮಾಡಿಕೊಂಡು ಕಾಫಿ ಕುಡಿಯದೆ ಹೋದರು. ಅದಾದ ಮೇಲೆ ನಮ್ಮ ದಾರಿಯ ಬೀದಿದೀಪ ಕೆಟ್ಟರೆ ಸರಿಯಾಗೋಕೆ ತುಂಬ ದಿನ ಬೇಕಾಯಿತು. ಸಂಬಂಧ ಇದೆಯೋ ಇಲ್ಲವೋ ದೇವರಿಗೇ ಗೊತ್ತು.

ಪ್ರತಿ ಭಾನುವಾರ ರಾಷ್ಟ್ರಪತಿ, ಮುಖ್ಯಮಂತ್ರಿ, ಪಂಚಾಯಿತಿ ಅಧ್ಯಕ್ಷರು ಅಂತ ಹುದ್ದೆ ಹೇಳಿ ಪ್ರಾರ್ಥನೆ ಮಾಡುತ್ತೇವೆ. ಹೆಸರು ಹೇಳಲ್ಲ. ಅದು ನನ್ನ ಮಟ್ಟಿನ ಗೆರೆ. ಆದರೆ ಸಭೆಯ ಒಬ್ಬ ಅಕ್ಕನಿಗೆ ಕೂಲಿ ಕೊಡದೆ ಸತಾಯಿಸಿದಾಗ ಅವರ ಜೊತೆ ಕಾರ್ಮಿಕ ಇಲಾಖೆಗೆ ಹೋದೆ. "ಪಾಸ್ಟರ್ ನಕ್ಸಲ್ ಆಗಿಬಿಟ್ಟ" ಅಂತ ಊರಲ್ಲಿ ಮಾತಾಯಿತು. ಸಭೆಯ ಹಿರಿಯರೇ ಇಬ್ಬರು ಬಂದು ಬುದ್ಧಿ ಹೇಳಿದರು. ನಾನು ಆಮೋಸನ ಪುಸ್ತಕ ತೆಗೆದು ಓದಿ ಅಂತ ಕೊಟ್ಟೆ. ಓದಿದರೋ ಇಲ್ಲವೋ, ವಾಪಸ್ ಅಂತೂ ಬಂದಿಲ್ಲ.

ಮತಾಂತರದ ಸಂಶಯದ ಬಗ್ಗೆ ಅಮ್ಮತ್ತಿ ಅಕ್ಕ ಹೇಳಿದ್ದು ಪೂರ್ತಿ ನಿಜ. 2022ರ ಮತಾಂತರ ತಡೆ ಕಾಯ್ದೆಯಲ್ಲಿ ಧರ್ಮ ಬದಲಾಯಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು ಅಂತ ಇತ್ತು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ವಾಪಸ್ ಪಡೆಯೋಣ ಅಂತ ತೀರ್ಮಾನಿಸಿತು. ಆದರೆ ಜನರ ಮನಸ್ಸಿನಲ್ಲಿ ಕೂತ ಸಂಶಯವನ್ನು ಯಾವ ಸಂಪುಟವೂ ವಾಪಸ್ ಪಡೆಯಲ್ಲ. ಏಲಕ್ಕಿ ಕಾಲ ಅವರಿಗೆ ಒಂದು ಮಾತು: ಸಂಜೆ ಹೊತ್ತು ಬೈಕಿನಲ್ಲಿ ಬಂದು ಮುಸುಕಿನಲ್ಲಿ ಹೋಗುವುದು ನನಗೂ ಇಷ್ಟ ಇಲ್ಲ. ಹಗಲು ಹೊತ್ತು ಬರಬೇಕು, ಯಜಮಾನರ ಎದುರೇ ಕೂತು ಮಾತಾಡಬೇಕು. ಆದರೆ ಹಗಲು ಬಂದರೆ ಗೇಟ್ ತೆಗೆಯುತ್ತೀರಾ?

ಏಲಕ್ಕಿ ಕಾಲ
ಗೇಟ್ ತೆಗೆಯುತ್ತೇನೆ ಪಾಸ್ಟರೇ. ಕೆಲಸದ ಹೊತ್ತಲ್ಲಿ ಬೇಡ, ಅಷ್ಟೇ. ಮತ್ತೆ ಅಜ್ಜಪ್ಪ ಸೈತಾನ ಅಂತ ಮಕ್ಕಳಿಗೆ ಹೇಳಬೇಡಿ. ಅದು ನನಗೆ ತಡೆಯಲ್ಲ.

ಸಣ್ಣ ಸಭೆಯ ಪಾಲಕ
ಹೇಳಲ್ಲ. ಹೇಳುವವರು ಇದ್ದಾರೆ, ಅದೂ ಗೊತ್ತು.

ಗೋಣಿಕೊಪ್ಪ ಗಡಿಯಾರ
2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ನಿಮ್ಮವರು ಎಲ್ಲಿದ್ದರು ಪಾಸ್ಟರೇ? ಕಾಡಿನ ಅಂಚಲ್ಲಿ ಜನ ಬಯಲಲ್ಲಿ ಮಲಗಿದ್ದರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿದ್ದು ಹೋರಾಟದಿಂದ. ಅಲ್ಲಿ ಕೆಂಪು ಬಾವುಟ, ನೀಲಿ ಬಾವುಟ ನೋಡಿದೆ. ಶಿಲುಬೆ ಹಿಡಿದವರು ಕಂಡದ್ದು ನೆನಪಿಲ್ಲ.

ಸಣ್ಣ ಸಭೆಯ ಪಾಲಕ
ನನಗೆ ಗೊತ್ತಿರುವ ಸಿಸ್ಟರುಗಳು ಕಂಬಳಿ, ಮಾತ್ರೆ ತೆಗೆದುಕೊಂಡು ಹೋಗಿದ್ದರು. ಮೈಕ್ ಹಿಡಿಯಲಿಲ್ಲ. ಸಾಕಾಗಿತ್ತಾ ಅಂದರೆ ಇಲ್ಲ.

ಹೊಸ ಜನ್ಮ
ಮೈಕ್ ಹಿಡಿದರೆ ಮತಾಂತರಕ್ಕೆ ಬಂದರು ಅಂತೀರಿ, ಹಿಡಿಯದಿದ್ದರೆ ಎಲ್ಲಿದ್ದರು ಅಂತೀರಿ. ಸುಮ್ನೆ ಇರೋದೇ ವಾಸಿ.

ಲೈನ್‌ಮನೆ ಮಗಳು
ಸುಮ್ನೆ ಇರೋದು ಯಾರಿಗೆ ವಾಸಿ?

ಲಾ ಪಾಯಿಂಟ್
ಚೆಟ್ಟಳ್ಳಿ ಹುಡುಗ, ನಿಮ್ಮ ಅರ್ಜಿ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಇದು ಮುಗಿಯಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಕಾಲದಿಂದಲೂ ಮನೆ, ಕುಡಿಯುವ ನೀರು, ಕಕ್ಕಸು ಕೊಡುವುದು ಮಾಲೀಕರ ಹೊಣೆ. ಆ ಕಾಯ್ದೆ 5 ಹೆಕ್ಟೇರ್, 15 ಕೆಲಸಗಾರರು ಇರುವ ತೋಟಗಳಿಗೆ ಮಾತ್ರ ಬರುತ್ತಿತ್ತು. ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ, ಹೊಣೆ ಹೋಗಿಲ್ಲ. ಕೊಡಗಿನಲ್ಲಿ ಸಣ್ಣ ತೋಟಗಳೇ ಜಾಸ್ತಿ ಆದ್ದರಿಂದ ಎಷ್ಟೋ ಲೈನುಗಳು ಲೆಕ್ಕಕ್ಕೇ ಬರಲ್ಲ. ಪಂಚಾಯಿತಿ "ಖಾಸಗಿ ಜಾಗ" ಅನ್ನುತ್ತೆ, ಮಾಲೀಕ "ಸರ್ಕಾರ ಮಾಡಲಿ" ಅನ್ನುತ್ತಾರೆ. ಹಾಗಾಗಿ ಅರ್ಜಿಯನ್ನು ಗ್ರಾಮಸಭೆಯಲ್ಲೇ ಇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಚರ್ಚಿನ ಹೆಸರು ಬೇಡ. ಲೈನಿನವರೇ ಸಹಿ ಹಾಕಲಿ, ಹಿಂದೂ, ಮುಸ್ಲಿಂ, ಅಸ್ಸಾಂನವರು ಎಲ್ಲರೂ. ಪಾಸ್ಟರ್ ಆ ಊರಿನ ಮತದಾರರಾಗಿದ್ದರೆ ಅವರೂ ಮತದಾರರಾಗಿ ಸಹಿ ಹಾಕಬಹುದು. ಯಾವ ಕಾಯ್ದೆಯೂ ತಡೆಯಲ್ಲ.

ಚೆಟ್ಟಳ್ಳಿ ಹುಡುಗ
ಇವತ್ತು ಸಂಜೆ ಹೋಗಿ ಪಾಸ್ಟರಿಗೆ ಹಾಗೇ ಕೇಳಿದೆ. ಚರ್ಚಿನ ಲೆಟರ್‌ಹೆಡ್ ಬೇಡ, ನಿಮ್ಮ ಸ್ವಂತ ಸಹಿ ಕೊಡಿ ಅಂತ. ಸ್ವಲ್ಪ ಹೊತ್ತು ಯೋಚನೆ ಮಾಡಿ "ಕೊಡ್ತೀನಿ" ಅಂದರು. ಆದರೆ ಅವರ ವೋಟರ್ ಐಡಿ ಇನ್ನೂ ಹಾಸನದ ಊರಿನದ್ದೇ ಅಂತೆ. ಇಲ್ಲಿಗೆ ಬಂದು ಆರು ವರ್ಷ ಆಯಿತು!

ಪಂದಿಕರಿ ಫ್ಯಾನ್
ಲೀಡರ್‌ಗೆ ಗೊತ್ತಾದರೆ ಶಾಲು ವಾಪಸ್ ಕೊಡುತ್ತಾರೆ.

ಸೋಮವಾರಪೇಟೆ ಸಿಪಾಯಿ
ಫಾರ್ಮ್ 8 ತುಂಬಿಸಿ, ವಿಳಾಸ ಬದಲಾವಣೆಗೆ ಅದೇ. ಆಧಾರ್ ಜೊತೆ ಕರೆಂಟ್ ಬಿಲ್ ಇಟ್ಟುಕೊಳ್ಳಲಿ. ಬಿಎಲ್‌ಒ (ಮತಗಟ್ಟೆ ಅಧಿಕಾರಿ) ಯಾರು ಅಂತ ಅಂಗನವಾಡಿಯಲ್ಲಿ ಕೇಳಿ, ನಮ್ಮ ಕಡೆ ಅಲ್ಲಿನ ಟೀಚರೇ. ಬೇಗ ಮಾಡಿಸಿ, ಗ್ರಾಮಸಭೆ ನೋಟಿಸ್ ಯಾವಾಗ ಹಾಕುತ್ತಾರೆ ಅಂತ ಹೇಳೋಕಾಗಲ್ಲ.